ಉಪ್ಪಿನೊಳಗಣ ಬಾಳು

ಸಗರನಾಡಿನ ರೈತನಿಗೆ ‘ಸವಳು’ ಎಂಬ ಮಾತಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಬೇಸಗೆಯಲ್ಲಿ ಬೂದಿ ಎರಚಿದಂತೆ ಹೊಲದ ಮೇಲೆ ಕಾಣುವ ಬಿಳುಪು, ಬಿತ್ತಿದ ಬೀಜ ಮೊಳೆಯದೆ ಬೋಳಾಗಿ ಉಳಿಯುವ ನೆಲ, ಬಾಯಾರಿಕೆಯನ್ನು ತಣಿಸದೆ ಹೆಚ್ಚಿಸುವ ಬಾವಿಯ ನೀರು, ಇವೆಲ್ಲ ಆ ಒಂದು ಮಾತಿನಲ್ಲಿ ಅಡಗಿವೆ. ಬೇರೆ ಕೆಲವು ಕಡೆ ಇದನ್ನೇ ಚೌಳು ಎನ್ನುವರು. ಸಂಸ್ಕೃತದವರು ಊಷರ ಎಂದರು. ಉತ್ತರದ ಹಿಂದಿ ಸೀಮೆಯಲ್ಲಿ ಅದು ಊಸರ್ ಆಯಿತು. ಹೆಸರು ಯಾವುದಾದರೂ ಭಾವನೆ ಒಂದೇ: ಇಲ್ಲಿ ಏನೂ ಬಾಳದು.

ಈ ಭಾವನೆ ಎಷ್ಟರ ಮಟ್ಟಿಗೆ ನಿಜ ಎಂಬುದನ್ನು ಇಂದು ವಿಚಾರಿಸೋಣವೆಂದು ನನ್ನ ಉದ್ದೇಶ. ಉಪ್ಪಿನಲ್ಲಿಯೇ ಹುಟ್ಟಿ, ಉಪ್ಪಿನಲ್ಲಿಯೇ ಬೆಳೆದು, ಉಪ್ಪು ತಪ್ಪಿದರೆ ಸಾಯುವ ಜೀವಿಗಳು ಈ ಭೂಮಿಯ ಮೇಲಿವೆ. ಅವು ಕಣ್ಣಿಗೆ ಕಾಣದಷ್ಟು ಚಿಕ್ಕವು. ಅವನ್ನು ಮನುಷ್ಯ ಗುರುತಿಸಿದ ಬಗೆ, ಅವುಗಳ ಒಳಗಣ ವ್ಯವಸ್ಥೆಯನ್ನು ಅರಿತುಕೊಂಡ ಬಗೆ, ಇದೂ ಒಂದು ಚರಿತ್ರೆಯೇ. ಆ ಚರಿತ್ರೆಗೂ ನಮ್ಮ ಹೊಲಗಳಿಗೂ ಸಂಬಂಧವಿದೆ ಎಂದು ನಾನು ನಂಬಿದ್ದೇನೆ.

ಶಹಾಪುರ ತಾಲ್ಲೂಕಿನ ಗೋಗಿಯನ್ನು ಚರಿತ್ರೆ ಓದಿದವರೆಲ್ಲ ಬಲ್ಲರು. ಬಿಜಾಪುರದ ಆದಿಲಶಾಹಿ ಮನೆತನದ ಮೊದಲ ದೊರೆಗಳು ಬಿಜಾಪುರದಲ್ಲಿ ಮಣ್ಣಾದವರಲ್ಲ. 1510ರಲ್ಲಿ ತೀರಿಕೊಂಡ ಯೂಸುಫ್, 1534ರಲ್ಲಿ ತೀರಿಕೊಂಡ ಇಸ್ಮಾಯಿಲ್, 1558ರಲ್ಲಿ ತೀರಿಕೊಂಡ ಮೊದಲನೆಯ ಇಬ್ರಾಹಿಂ, ಇವರೆಲ್ಲರ ಗೋರಿಗಳು ಗೋಗಿಯಲ್ಲಿ, ಚಂದಾ ಹುಸೇನಿಯವರ ದರ್ಗಾದ ಬಳಿಯಲ್ಲಿವೆ. ಇತ್ತೀಚಿನ ದಶಕಗಳಲ್ಲಿ ಇದೇ ಗೋಗಿ ನೆಲದಡಿಯ ಯುರೇನಿಯಂ ನಿಕ್ಷೇಪದಿಂದಾಗಿ ಮತ್ತೆ ಪತ್ರಿಕೆಗಳಲ್ಲಿ ಕಾಣಿಸಿಕೊಂಡಿತು. ಗೋರಿ ಮತ್ತು ಗಣಿಗಳ ನಡುವೆ ಮರೆತುಹೋಗುವ ಇನ್ನೊಂದು ವಸ್ತುವಿದೆ. ಅದು ಉಪ್ಪು. ಇಲ್ಲಿಂದ ಕಡಲು ಬಲು ದೂರ. ಎತ್ತಿನ ಹೇರುಗಳ ಮೇಲೆ ಧಾನ್ಯವನ್ನೂ ಉಪ್ಪನ್ನೂ ಹೊತ್ತು ದಖ್ಖಣದುದ್ದಕ್ಕೂ ಸಾಗಿದವರು ಲಂಬಾಣಿಗರು. ‘ಲವಣ’ದಿಂದಲೇ ಅವರಿಗೆ ಆ ಹೆಸರು ಬಂದಿತೆಂದು ಹೇಳುವುದುಂಟು. ಕರಾವಳಿಯ ಉಪ್ಪು ದುಬಾರಿಯಾದ ಕಡೆ ಬಡವನಿಗೆ ಒದಗಿದ್ದು ಮಣ್ಣುಪ್ಪು. ಬಳ್ಳಾರಿ ಮತ್ತು ಮೈಸೂರು ಸೀಮೆಗಳಲ್ಲಿ ಉಪ್ಪಾರರು ಬೇಸಗೆಯಲ್ಲಿ ಸವಳು ಮಣ್ಣನ್ನು ಕೆರೆದು ಗುಡ್ಡೆ ಹಾಕಿ, ಅದರ ಮೇಲೆ ನೀರು ಹೊಯ್ದು, ಸೋಸಿ ಬಂದ ತಿಳಿಯನ್ನು ಬಿಸಿಲಿಗೆ ಆರಿಸಿ ಉಪ್ಪು ತೆಗೆಯುತ್ತಿದ್ದರು. ಮದರಾಸು ಆಧಿಪತ್ಯದ ಸರಕಾರ ತನ್ನ ಉಪ್ಪಿನ ತೆರಿಗೆಗೆ ಕೊರತೆಯಾಗುತ್ತದೆಂದು 19ನೆಯ ಶತಮಾನದ ಕೊನೆಯ ಹೊತ್ತಿಗೆ ಈ ಕಸುಬನ್ನು ಅಡಗಿಸಿತು. ಬೆಳೆ ಬಾರದ ನೆಲವೂ ಒಂದು ಕಾಲದಲ್ಲಿ ಒಂದು ಜನಕ್ಕೆ ಅನ್ನ ಕೊಟ್ಟಿತ್ತೆಂಬುದನ್ನು ನೆನಪಿಡೋಣ.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಉಪ್ಪಿನ ಮೇಲ್ವಿಚಾರಣೆಗೆ ಲವಣಾಧ್ಯಕ್ಷನಿದ್ದಾನೆ. ಅದೇ ಗ್ರಂಥದಲ್ಲಿ, ಮದ್ಯ ತಯಾರಿಸುವ ಪ್ರಕರಣದಲ್ಲಿ, ಹುಳಿಯೆಬ್ಬಿಸುವ ಹೆಪ್ಪಿಗೆ ‘ಕಿಣ್ವ’ ಎಂಬ ಹೆಸರಿದೆ. ಇಂದು ವಿಜ್ಞಾನದ ಕನ್ನಡದಲ್ಲಿ ನಾವು ಕಿಣ್ವ ಎನ್ನುವುದು ಜೀವಕೋಶದೊಳಗೆ ರಾಸಾಯನಿಕ ಕ್ರಿಯೆಗಳನ್ನು ನಡೆಸಿಕೊಡುವ ಪ್ರೋಟೀನುಗಳಿಗೆ. ಒಂದೇ ಪುಸ್ತಕದಲ್ಲಿ ಬೇರೆ ಬೇರೆಯಾಗಿ ಕುಳಿತಿದ್ದ ಈ ಎರಡು ಪದಗಳು, ಲವಣ ಮತ್ತು ಕಿಣ್ವ, ಒಂದನ್ನೊಂದು ಸಂಧಿಸಲು ಎರಡು ಸಾವಿರ ವರ್ಷ ಬೇಕಾಯಿತು.

ಉಪ್ಪು ಕೆಡಿಸದೆ ಕಾಪಾಡುವ ವಸ್ತುವೆಂದು ಲೋಕವೇ ನಂಬಿತ್ತು. ಉಪ್ಪಿನಕಾಯಿ, ಒಣಮೀನು, ಹದಮಾಡುವ ಮುನ್ನ ಉಪ್ಪು ಸವರಿದ ತೊಗಲು, ಎಲ್ಲವೂ ಆ ನಂಬಿಕೆಯ ಫಲ. ಆದರೆ ಆ ನಂಬಿಕೆಗೆ ಒಪ್ಪದ ಒಂದು ಸಂಗತಿ ಉಪ್ಪಿನ ವ್ಯಾಪಾರದವರಿಗೆಲ್ಲ ಗೊತ್ತಿತ್ತು. ಉಪ್ಪಿನ ಆಗರದಲ್ಲಿ ನೀರು ಗಟ್ಟಿಯಾಗುತ್ತ ಬಂದಂತೆ ಅದು ಕೆಂಪೇರುತ್ತದೆ. ಉಪ್ಪು ಹಾಕಿಟ್ಟ ಮೀನಿನ ಮೇಲೆ, ತೊಗಲಿನ ಮೇಲೆ ಕೆಲವೊಮ್ಮೆ ಕೆಂಪು ಹರಡಿ ಸರಕು ಹಾಳಾಗುತ್ತದೆ. ಕಾಪಾಡಬೇಕಾದ ಉಪ್ಪಿನಿಂದಲೇ ಕೇಡು ಬಂದುದು ಹೇಗೆ? 1919ರಲ್ಲಿ ಜರ್ಮನಿಯ ಕ್ಲೆಬಾನ್, 1922ರಲ್ಲಿ ಕೆನಡಾದ ಹ್ಯಾರಿಸನ್ ಮತ್ತು ಕೆನೆಡಿ, ಕೆಂಪಾದ ಉಪ್ಪುಮೀನನ್ನು ಪರೀಕ್ಷಿಸಿ ಅದರಲ್ಲಿ ಉಪ್ಪಿಲ್ಲದೆ ಬೆಳೆಯದ ಸೂಕ್ಷ್ಮಜೀವಿಗಳನ್ನು ಗುರುತಿಸಿದರು. ಕೇಡು ಕಡಲ ಉಪ್ಪಿನ ಜೊತೆಯಲ್ಲೇ ಬಂದಿತ್ತು. 1936ರಲ್ಲಿ ವಿಲ್ಕಾನ್ಸ್ಕಿ ಎಂಬಾತ ಪ್ಯಾಲಸ್ತೀನಿನ ಮೃತಸಮುದ್ರದ ನೀರಿನಲ್ಲಿಯೂ ಜೀವವಿದೆಯೆಂದು ತೋರಿಸಿದನು. ಹೆಸರಿನಲ್ಲೇ ಸಾವನ್ನು ಹೊತ್ತಿದ್ದ ಕಡಲು ಸತ್ತಿರಲಿಲ್ಲ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ‘ಉಪ್ಪು ತಿಂದವ ನೀರು ಕುಡಿಯಲೇಬೇಕು’ ಎಂಬುದು ನಮ್ಮ ಗಾದೆ. ಜೀವಕೋಶದ ಮಟ್ಟದಲ್ಲಿ ಈ ಗಾದೆ ಬಲು ಕಠಿಣವಾದ ನಿಯಮ. ಕೋಶದ ಸುತ್ತ ಒಂದು ತೆಳುವಾದ ಪೊರೆಯಿದೆ; ನೀರು ಅದನ್ನು ಸುಲಭವಾಗಿ ದಾಟುತ್ತದೆ, ಲವಣ ದಾಟಲಾರದು. ಹೊರಗೆ ಉಪ್ಪು ಹೆಚ್ಚಾದರೆ ಒಳಗಿನ ನೀರು ಹೊರಕ್ಕೆ ಹರಿದುಹೋಗುತ್ತದೆ. ಮಾವಿನಕಾಯಿಯ ಹೋಳಿಗೆ ಉಪ್ಪು ಬೆರಸಿದ ಸ್ವಲ್ಪ ಹೊತ್ತಿಗೆ ಭರಣಿಯಲ್ಲಿ ನೀರು ಬಿಟ್ಟುಕೊಳ್ಳುವುದು ಇದೇ ಕಾರಣದಿಂದ. ನೀರು ಕಳೆದುಕೊಂಡ ಕೋಶ ಕುಗ್ಗುತ್ತದೆ, ಅದರ ಕಿಣ್ವಗಳು ಕೆಲಸ ನಿಲ್ಲಿಸುತ್ತವೆ. ಕಡಲ ನೀರಿನಲ್ಲಿ ಲವಣ ನೂರಕ್ಕೆ ಸುಮಾರು ಮೂರೂವರೆ ಪಾಲು. ಮೃತಸಮುದ್ರದಲ್ಲಿ ಮೂವತ್ತಕ್ಕೂ ಮೇಲೆ. ಅಲ್ಲಿ ಒಂದು ಜೀವಿ ಬಾಳಬೇಕಾದರೆ ಹೊರಗಿನ ಸೆಳೆತಕ್ಕೆ ಸರಿದೂಗುವಷ್ಟು ಏನನ್ನಾದರೂ ತನ್ನೊಳಗೆ ತುಂಬಿಕೊಂಡಿರಬೇಕು. ಏನನ್ನು ತುಂಬಿಕೊಳ್ಳುತ್ತದೆ?

ಇದಕ್ಕೆ ಪ್ರಕೃತಿ ಎರಡು ಉತ್ತರಗಳನ್ನು ಕೊಟ್ಟಿದೆ. ಮೊದಲನೆಯ ಉತ್ತರವನ್ನು ಸ್ಪಷ್ಟಪಡಿಸಿದವರು ಆಸ್ಟ್ರೇಲಿಯದ ಕ್ರಿಶ್ಚಿಯನ್ ಮತ್ತು ವಾಲ್ಥೊ ಎಂಬ ವಿಜ್ಞಾನಿಗಳು. ಹ್ಯಾಲೊಬ್ಯಾಕ್ಟೀರಿಯಂ ಎಂಬ ಕೆಂಪು ಸೂಕ್ಷ್ಮಜೀವಿಯ ಒಳಗಿನ ಲವಣಗಳನ್ನು ಅಳೆದು ಅವರು 1962ರಲ್ಲಿ ಪ್ರಕಟಿಸಿದರು. ಆ ಜೀವಿ ಉಪ್ಪಿಗೆ ಉಪ್ಪನ್ನೇ ಎದುರು ನಿಲ್ಲಿಸಿತ್ತು. ಆದರೆ ಹೊರಗಿನ ಸೋಡಿಯಂ ಅಲ್ಲ, ಪೊಟ್ಯಾಸಿಯಂ. ಹೊರಗಿನ ದ್ರವದಲ್ಲಿದ್ದುದಕ್ಕಿಂತ ನೂರು ಪಟ್ಟಿಗೂ ಮಿಕ್ಕ ಪೊಟ್ಯಾಸಿಯಂ ಅದರ ಒಳಗಿತ್ತು. ಸಾಮಾನ್ಯ ಜೀವಿಯ ಕಿಣ್ವಗಳನ್ನು ಅಷ್ಟು ಲವಣದಲ್ಲಿ ಅದ್ದಿದರೆ ಅವು ಒಂದಕ್ಕೊಂದು ಅಂಟಿ ನಿಷ್ಕ್ರಿಯವಾಗುತ್ತವೆ. ಇದರ ಕಿಣ್ವಗಳೋ ಅಲ್ಲಿಯೇ ಚುರುಕಾಗಿ ದುಡಿಯುತ್ತವೆ.

ಗುಟ್ಟು ಕಿಣ್ವಗಳ ಮೈಯಲ್ಲೇ ಇದೆ. ಪ್ರತಿ ಕಿಣ್ವವೂ ಅಮೈನೋ ಆಮ್ಲಗಳ ಸರಪಣಿ ಸುರುಳಿಗೊಂಡು ಆದದ್ದು. ಉಪ್ಪಿನ ಜೀವಿಗಳ ಕಿಣ್ವಗಳಲ್ಲಿ ಗ್ಲುಟಾಮಿಕ್ ಮತ್ತು ಆಸ್ಪಾರ್ಟಿಕ್ ಎಂಬ ಎರಡು ಆಮ್ಲಗಳ ಪಾಲು ಹೆಚ್ಚು. ಇವೆರಡೂ ಋಣ ವಿದ್ಯುದಂಶವುಳ್ಳವು. ಕಿಣ್ವದ ಹೊರಮೈಯೆಲ್ಲ ಋಣವಾಗಿ ನಿಂತು, ಪೊಟ್ಯಾಸಿಯಮ್ಮಿನ ಧನ ಅಯಾನುಗಳನ್ನೂ ಅವುಗಳೊಡನೆ ನೀರಿನ ಕಣಗಳನ್ನೂ ತನ್ನ ಸುತ್ತ ಹಿಡಿದಿಟ್ಟುಕೊಳ್ಳುತ್ತದೆ. ನೀರಿಗೆ ಬರವಿರುವ ಕಡೆಯಲ್ಲಿ ಕಿಣ್ವಕ್ಕೆ ಒಂದು ನೀರಿನ ಹೊದಿಕೆ ದೊರೆಯುತ್ತದೆ. ಮೃತಸಮುದ್ರದ ಒಂದು ಜೀವಿಯ ಮ್ಯಾಲೇಟ್ ಡಿಹೈಡ್ರೋಜಿನೇಸ್ ಎಂಬ ಕಿಣ್ವದ ಆಕಾರವನ್ನು 1995ರಲ್ಲಿ ಇಸ್ರೇಲಿನ ವಿಜ್ಞಾನಿಗಳು ಪ್ರಕಟಿಸಿದಾಗ ಈ ಋಣಮಯವಾದ ಹೊರಮೈ ಕಣ್ಣಿಗೆ ಕಟ್ಟುವಂತೆ ಕಂಡಿತು. ಆದರೆ ಈ ಸೌಲಭ್ಯಕ್ಕೆ ಬೆಲೆಯಿದೆ. ಲವಣವನ್ನು ತೆಗೆದುಬಿಟ್ಟರೆ ಆ ಋಣಾಂಶಗಳು ಒಂದನ್ನೊಂದು ದೂಡತೊಡಗಿ ಕಿಣ್ವದ ಸುರುಳಿ ಬಿಚ್ಚಿಹೋಗುತ್ತದೆ. ಸಿಹಿನೀರಿಗೆ ಹಾಕಿದ ಹ್ಯಾಲೊಬ್ಯಾಕ್ಟೀರಿಯಂ ಒಡೆದು ಸಾಯುತ್ತದೆ. ಉಪ್ಪನ್ನು ಗೆದ್ದ ಈ ಜೀವಿ ಉಪ್ಪಿನ ಸೆರೆಯಾಳೂ ಆಗಿದೆ.

ಈ ಜೀವಿಗಳನ್ನು ಬ್ಯಾಕ್ಟೀರಿಯ ಎಂದೇ ಬಹುಕಾಲ ಕರೆಯಲಾಯಿತು. ಅಮೆರಿಕದ ಕಾರ್ಲ್ ವೋಸ್ 1977ರಲ್ಲಿ ಜೀವಲೋಕದಲ್ಲಿ ಆರ್ಕಿಯ ಎಂಬ ಮೂರನೆಯ ಕವಲನ್ನು ಗುರುತಿಸಿದರು. ಮರುವರ್ಷವೇ ಈ ಕೆಂಪು ಜೀವಿಗಳು ಆ ಕವಲಿಗೆ ಸೇರಿದವೆಂದು ತಿಳಿದುಬಂತು. ಆದರೆ ಉಪ್ಪಿಗೆ ಉಪ್ಪು ಎಂಬ ನೀತಿ ಆರ್ಕಿಯಗಳದು ಮಾತ್ರವಲ್ಲ. 2002ರಲ್ಲಿ ಸ್ಪೇನಿನ ಆಗರಗಳಿಂದ ವರ್ಣಿತವಾದ ಸ್ಯಾಲಿನಿಬ್ಯಾಕ್ಟರ್ ಎಂಬುದು ನಿಜವಾದ ಬ್ಯಾಕ್ಟೀರಿಯವೇ, ಅದರ ನೀತಿಯೂ ಇದೇ.

ಎರಡನೆಯ ಉತ್ತರ ಇದಕ್ಕಿಂತ ಸೂಕ್ಷ್ಮವಾದದ್ದು. ಬಹುಪಾಲು ಬ್ಯಾಕ್ಟೀರಿಯಗಳು ಉಪ್ಪನ್ನು ಹೊರಗೇ ಇಡುತ್ತವೆ. ಅದಕ್ಕೆ ಸರಿದೂಗುವಂತೆ ಕಿಣ್ವಗಳಿಗೆ ತೊಂದರೆ ಕೊಡದ ಕೆಲವು ವಸ್ತುಗಳನ್ನು ಒಳಗೆ ತಯಾರಿಸಿಕೊಳ್ಳುತ್ತವೆ, ಇಲ್ಲವೆ ಹೊರಗಿನಿಂದ ಹೀರಿಕೊಳ್ಳುತ್ತವೆ. ಇವನ್ನು ಒಗ್ಗುವ ದ್ರವ್ಯಗಳೆನ್ನೋಣ. ಬೀಟೇನ್, ಟ್ರೆಹಲೋಸ್ ಎಂಬ ಸಕ್ಕರೆ, 1985ರಲ್ಲಿ ಗಲಿನ್ಸ್ಕಿ ಮತ್ತು ಸಂಗಡಿಗರು ಕಂಡುಹಿಡಿದ ಎಕ್ಟೋಯಿನ್, ಇವು ಆ ಜಾತಿಯವು. ಈ ಜೀವಿಗಳ ಕಿಣ್ವಗಳು ಹೆಚ್ಚುಕಡಮೆ ಸಾಮಾನ್ಯ ಕಿಣ್ವಗಳೇ. ವಿಶೇಷವಿರುವುದು ಅವುಗಳ ನಿಯಂತ್ರಣದಲ್ಲಿ.

ಹೊರಗೆ ಉಪ್ಪು ಫಕ್ಕನೆ ಏರಿತೆಂದುಕೊಳ್ಳಿ. ನಮ್ಮ ಕರುಳಿನಲ್ಲಿಯೂ ಇರುವ ಇ. ಕೋಲೈ ಎಂಬ ಬ್ಯಾಕ್ಟೀರಿಯದಲ್ಲಿ ಇದನ್ನು ಚೆನ್ನಾಗಿ ಪರೀಕ್ಷಿಸಿದ್ದಾರೆ. ನೀರು ಹೊರಹೋದೊಡನೆ ಪೊರೆಯಲ್ಲಿರುವ ಏತಗಳು ಪೊಟ್ಯಾಸಿಯಮ್ಮನ್ನು ಒಳಕ್ಕೆ ಎತ್ತತೊಡಗುತ್ತವೆ. ಅದರ ಧನಾಂಶಕ್ಕೆ ಜೊತೆಯಾಗಿ ಒಳಗೆ ಗ್ಲುಟಮೇಟ್ ಹೆಚ್ಚುತ್ತದೆ. ಇದು ತತ್ಕಾಲದ ಪರಿಹಾರ. ಹೀಗೆ ಕೂಡಿದ ಪೊಟ್ಯಾಸಿಯಂ ಗ್ಲುಟಮೇಟ್ ಮುಂದಿನ ಕಾರ್ಯಕ್ಕೆ ಸಂಕೇತವೂ ಆಗುತ್ತದೆ. ಟ್ರೆಹಲೋಸನ್ನು ತಯಾರಿಸುವ ಕಿಣ್ವವನ್ನು ಅದು ಚುರುಕುಗೊಳಿಸುತ್ತದೆ. ಜೊತೆಗೆ, ಇಂಥ ದ್ರವ್ಯಗಳಿಗೆ ಬೇಕಾದ ವಂಶವಾಹಿಗಳೂ ಕೆಲಸಕ್ಕೆ ತೊಡಗಿ ಹೊಸ ಕಿಣ್ವಗಳು ಸಿದ್ಧವಾಗುತ್ತವೆ. ಒಗ್ಗುವ ದ್ರವ್ಯ ಸಾಕಷ್ಟು ಕೂಡಿದ ಮೇಲೆ ಹೆಚ್ಚುವರಿ ಪೊಟ್ಯಾಸಿಯಂ ಮತ್ತೆ ಹೊರಹೋಗುತ್ತದೆ. ಸಿನೆಕೊಸಿಸ್ಟಿಸ್ ಎಂಬ ನೀಲಿ-ಹಸಿರು ಪಾಚಿಯಲ್ಲಿ ವ್ಯವಸ್ಥೆ ಇನ್ನೂ ಮುಂಜಾಗ್ರತೆಯದು. ಬೇಕಾದ ಕಿಣ್ವ ಮೊದಲೇ ತಯಾರಾಗಿ, ನಿದ್ರಿಸುತ್ತಿರುವಂತೆ ಕೋಶದಲ್ಲಿ ಬಿದ್ದಿರುತ್ತದೆ. ಒಳಗೆ ಲವಣದ ಅಯಾನುಗಳು ಹೆಚ್ಚಿದಾಗ ಅವೇ ಅದನ್ನು ಎಚ್ಚರಿಸುತ್ತವೆ. ಯಾವುದರಿಂದ ಅಪಾಯವೋ ಅದೇ ಎಚ್ಚರಿಕೆಯ ಗಂಟೆ.

ಇನ್ನು ಮಳೆ ಸುರಿದು ಉಪ್ಪು ತಟ್ಟನೆ ಇಳಿದರೆ? ಈಗ ನೀರು ಒಳನುಗ್ಗಿ ಕೋಶ ಒಡೆಯುವ ಅಪಾಯ. ಅದಕ್ಕೆ ಪೊರೆಯಲ್ಲಿ ಕೆಲವು ಕಿಂಡಿಗಳಿವೆ. ಪೊರೆ ಬಿಗಿದಾಗ, ಕಣ್ಣು ಮಿಟುಕಿಸುವುದಕ್ಕಿಂತ ಬೇಗ, ಅವು ತೆರೆದುಕೊಂಡು ಒಳಗಿನ ದ್ರವ್ಯವನ್ನು ಹೊರಚೆಲ್ಲುತ್ತವೆ. ನಮ್ಮ ಹಿರಿಯರು ಕೆರೆಗೆ ಕಟ್ಟಿದ ಕೋಡಿಯ ಕೆಲಸವೇ ಇದು. ಜರ್ಮನಿಯಲ್ಲಿ ಈ ಗುಣವನ್ನು ಒಂದು ಉದ್ಯಮವನ್ನಾಗಿಯೂ ಮಾಡಿದರು. ಹ್ಯಾಲೊಮೊನಾಸ್ ಎಂಬ ಬ್ಯಾಕ್ಟೀರಿಯವನ್ನು ಹೆಚ್ಚು ಉಪ್ಪಿನಲ್ಲಿ ಬೆಳೆಸಿ, ಕಡಮೆ ಉಪ್ಪಿನ ನೀರಿಗೆ ಹಾಕಿದರೆ ಅದು ತನ್ನ ಎಕ್ಟೋಯಿನ್ನನ್ನು ಹೊರಬಿಡುತ್ತದೆ. ಮತ್ತೆ ಉಪ್ಪಿಗೆ ಹಾಕಿದರೆ ಮತ್ತೆ ತುಂಬಿಕೊಳ್ಳುತ್ತದೆ. 1998ರಲ್ಲಿ ಪ್ರಕಟವಾದ ಈ ವಿಧಾನಕ್ಕೆ ಅವರು ಬ್ಯಾಕ್ಟೀರಿಯವನ್ನು ಕರೆಯುವುದು, ಎಂದರೆ ಹಸುವಿನಂತೆ ಹಾಲು ಹಿಂಡುವುದು, ಎಂದೇ ಹೆಸರಿಟ್ಟರು.

ಎರಡು ನೀತಿಗಳಲ್ಲಿ ಯಾವುದು ಮೇಲು? ಜೆರೂಸಲೇಮಿನ ಅಹರೋನ್ ಓರೆನ್ ಅವರು 1999ರಲ್ಲಿ ಇದರ ಆಯವ್ಯಯವನ್ನು ಲೆಕ್ಕಹಾಕಿದರು. ಉಪ್ಪನ್ನು ಒಳಗೆ ಬಿಟ್ಟುಕೊಳ್ಳುವುದು ಅಗ್ಗ. ಒಗ್ಗುವ ದ್ರವ್ಯವನ್ನು ತಯಾರಿಸುವುದು ಶಕ್ತಿಯ ದೃಷ್ಟಿಯಿಂದ ಬಲು ದುಬಾರಿ. ಆದರೆ ಅಗ್ಗದ ದಾರಿ ಹಿಡಿದವನು ಉಪ್ಪನ್ನು ಬಿಟ್ಟು ಹೊರಬರಲಾರ. ಖರ್ಚು ಮಾಡಿದವನಿಗೆ ಏರುವ ಉಪ್ಪಿನಲ್ಲಿಯೂ ಇಳಿಯುವ ಉಪ್ಪಿನಲ್ಲಿಯೂ ಬಾಳುವ ಸ್ವಾತಂತ್ರ್ಯ ಉಳಿಯುತ್ತದೆ. ಬೇಸಗೆಗೆ ಒಣಗಿ ಮಳೆಗೆ ತೊಯ್ಯುವ ನಮ್ಮ ಸವಳು ನೆಲದಲ್ಲಿ ಬಾಳಬೇಕಾದ ಜೀವಿಗೆ ಈ ಎರಡನೆಯ ನೀತಿಯೇ ಹೆಚ್ಚು ಹೊಂದುತ್ತದೆ.

ಈ ವಿದ್ಯೆಯಿಂದ ರೈತನಿಗೇನು ಪ್ರಯೋಜನವೆಂದು ಕೇಳುಗ ಮಿತ್ರರು ಕೇಳಬಹುದು. ಆ ಪ್ರಶ್ನೆ ನ್ಯಾಯವಾದದ್ದು, ಏಕೆಂದರೆ ಇಂದು ಸಗರನಾಡಿನ ಸವಳು ಕೇವಲ ಪ್ರಕೃತಿಯ ಕೊಡುಗೆಯಲ್ಲ. ಕೃಷ್ಣಾ ಮೇಲ್ದಂಡೆ ಯೋಜನೆಗೆ ಆಲಮಟ್ಟಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು 1964ರಲ್ಲಿ ಅಡಿಗಲ್ಲು ಹಾಕಿದರು. 1982ರಲ್ಲಿ ನಾರಾಯಣಪುರದ ಅಣೆಕಟ್ಟಿನಿಂದ ಎಡದಂಡೆ ಕಾಲುವೆಗೆ ನೀರು ಹರಿಯಿತು. ಸುರಪುರ, ಶಹಾಪುರಗಳ ಎರೆಹೊಲಗಳು ತಲೆತಲಾಂತರದ ಬರವನ್ನು ಕಳೆದುಕೊಂಡವು. ಆ ನೀರಿನ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಯೋಜನೆ ಎಣಿಸಿದ್ದು ಕಡಮೆ ನೀರು ಬೇಡುವ ಬೆಳೆಗಳನ್ನು. ಕಾಲುವೆಯ ಮೇಲ್ಭಾಗದಲ್ಲಿ ನಿಂತದ್ದು ಬತ್ತ. ಎರೆಮಣ್ಣು ನೀರನ್ನು ಸುಲಭವಾಗಿ ಕೆಳಕ್ಕೆ ಬಿಡುವುದಿಲ್ಲ. ಅಂತರ್ಜಲ ಮೇಲೇರಿ, ಮಣ್ಣಿನ ಸಂದುಗಳಲ್ಲಿ ಹತ್ತಿಬಂದು, ಬಿಸಿಲಿಗೆ ಆವಿಯಾಗಿ, ಲವಣವನ್ನು ಮೇಲೆ ಬಿಟ್ಟುಹೋಗುತ್ತದೆ.

ಲೆಕ್ಕ ಸರಳವಾಗಿದೆ. ಒಂದು ಲೀಟರು ನೀರಿನಲ್ಲಿ ಬರಿಯ 300 ಮಿಲಿಗ್ರಾಂ ಲವಣವಿದೆಯೆಂದು ಇಟ್ಟುಕೊಳ್ಳೋಣ. ನಾಲಗೆಗೆ ಅದು ಸಿಹಿನೀರೇ. ಒಂದು ಹೆಕ್ಟೇರಿಗೆ ವರ್ಷಕ್ಕೆ ಒಂದು ಮೀಟರು ಆಳದಷ್ಟು ನೀರು ಹಾಯಿಸಿದರೆ ಅದರೊಡನೆ ಬರುವ ಲವಣ 3 ಟನ್ನು. ನೀರು ಆಕಾಶಕ್ಕೆ ಹೋಗುತ್ತದೆ; ಆ 3 ಟನ್ನು ಬಸಿದುಹೋಗಲು ದಾರಿಯಿಲ್ಲದಿದ್ದರೆ ಹೊಲದಲ್ಲಿಯೇ ಉಳಿಯುತ್ತದೆ. ಸುಮೇರಿನ ಹೊಲಗಳಲ್ಲಿ ಗೋದಿ ಹಿಮ್ಮೆಟ್ಟಿ ಉಪ್ಪನ್ನು ಹೆಚ್ಚು ತಾಳುವ ಜವೆಗೋದಿ ಉಳಿದುದಕ್ಕೆ ಇಂಥ ಉಪ್ಪೇ ಕಾರಣವೆಂದು ಜೇಕಬ್‌ಸನ್ ಮತ್ತು ಆಡಮ್ಸ್ 1958ರಲ್ಲಿ ವಾದಿಸಿದರು. ಆ ವಾದವನ್ನು ಪ್ರಶ್ನಿಸಿದ ಪಂಡಿತರೂ ಇದ್ದಾರೆ. ಆದರೆ ಲೆಕ್ಕವನ್ನು ಪ್ರಶ್ನಿಸುವಂತಿಲ್ಲ.

ಸವಳಾದ ಮಣ್ಣಿನಲ್ಲಿ ಬೆಳೆಯೊಂದೇ ಸೊರಗುವುದಿಲ್ಲ. ಮಣ್ಣಿಗೂ ತನ್ನದೇ ಆದ ಕಿಣ್ವಗಳಿವೆ. ಯೂರಿಯವನ್ನು ಒಡೆಯುವ ಯೂರಿಯೇಸ್, ರಂಜಕವನ್ನು ಬೇರಿಗೆ ಬಿಡಿಸಿಕೊಡುವ ಫಾಸ್ಫಟೇಸ್, ಇವನ್ನು ಒದಗಿಸುವವರಲ್ಲಿ ಮಣ್ಣಿನ ಸೂಕ್ಷ್ಮಜೀವಿಗಳು ಮುಖ್ಯರು. ಉಪ್ಪು ಹೆಚ್ಚಿದಂತೆ ಈ ಕಿಣ್ವಗಳ ಚಟುವಟಿಕೆ ಸಾಮಾನ್ಯವಾಗಿ ಕುಗ್ಗುತ್ತದೆ. ರೈತ ಸಾಲ ಮಾಡಿ ಹಾಕಿದ ಗೊಬ್ಬರ ಪೂರ್ತಿಯಾಗಿ ಬೆಳೆಗೆ ದಕ್ಕುವುದಿಲ್ಲ.

ಹಾಗಾದರೆ ಉಪ್ಪು ತಾಳುವ ಸೂಕ್ಷ್ಮಜೀವಿಗಳನ್ನೇ ತಂದು ಹೊಲಕ್ಕೆ ಬಿಟ್ಟರೆ ಸವಳು ಹೋಗಲಾರದೆ? ಈ ಆಸೆ ಹೊಸದಲ್ಲ. ಕಾಶಿಯ ವಿಶ್ವವಿದ್ಯಾಲಯದ ಆರ್. ಎನ್. ಸಿಂಗ್ ಅವರು ಊಸರ್ ಭೂಮಿಯನ್ನು ನೀಲಿ-ಹಸಿರು ಪಾಚಿಯಿಂದ ಸುಧಾರಿಸಬಹುದೆಂದು 1950ರಲ್ಲಿಯೇ ಬರೆದರು. ಅದು ಧೀರವಾದ ಕಲ್ಪನೆ. ಮುಂದೆ ಮುಂಬಯಿಯ ಭಾಭಾ ಅಣುಸಂಶೋಧನ ಕೇಂದ್ರದ ಆಪ್ಟೆ ಮತ್ತು ಥಾಮಸ್ ಅವರು ಉಪ್ಪು ತಾಳುವ, ಸಾರಜನಕವನ್ನು ಹಿಡಿದಿಡುವ ಅನಬೀನ ಎಂಬ ಪಾಚಿಯನ್ನು ಪರೀಕ್ಷಿಸಿ 1997ರಲ್ಲಿ ತಮ್ಮ ನಿರ್ಣಯವನ್ನು ಪ್ರಕಟಿಸಿದರು. ಪಾಚಿ ಬೆಳೆಯುತ್ತಿರುವಷ್ಟು ಕಾಲ ಮಣ್ಣಿನ ಉಪ್ಪಿನ ಬಾಧೆ ತಗ್ಗುತ್ತದೆ. ಪಾಚಿ ಸತ್ತು ಕೊಳೆತಾಗ ಸೋಡಿಯಂ ಮತ್ತೆ ಮಣ್ಣಿಗೇ ಮರಳುತ್ತದೆ. ಬೆಳೆಯ ಕಾಲದಲ್ಲಿ ಅದರಿಂದ ನೆರವು ಪಡೆಯಬಹುದು, ಶಾಶ್ವತವಾದ ಬಿಡುಗಡೆಯನ್ನು ನಿರೀಕ್ಷಿಸಲಾಗದು. ಈ ಪ್ರಾಮಾಣಿಕವಾದ ಮಾತು ನನಗೆ ಬಹಳ ಬೆಲೆಯುಳ್ಳದ್ದೆಂದು ತೋರುತ್ತದೆ. ಸೂಕ್ಷ್ಮಜೀವಿ ತನ್ನ ಬಾಳನ್ನು ತಾನು ಸಾಗಿಸಬಲ್ಲದೇ ಹೊರತು ಹೊಲದ ಉಪ್ಪನ್ನು ಹೊತ್ತು ಹೊರಹಾಕಲಾರದು.

ಆದರೂ ಅದು ಒಂದು ಮಾತನ್ನು ಕಲಿಸುತ್ತದೆ. ಉಪ್ಪಿನಲ್ಲಿ ಬಾಳುವ ಯಾವ ಕೋಶವೂ ಒಳಬರುವ ದಾರಿಯನ್ನು ಮಾತ್ರ ಇಟ್ಟುಕೊಂಡು ಬದುಕಿಲ್ಲ. ಎತ್ತುವ ಏತದ ಜೊತೆಗೆ ಹೊರಬಿಡುವ ಕಿಂಡಿ, ತಯಾರಿಸುವ ಕಿಣ್ವದ ಜೊತೆಗೆ ಅದನ್ನು ತಡೆಯುವ ವ್ಯವಸ್ಥೆ, ಎರಡೂ ಇದ್ದುದರಿಂದಲೇ ಅದು ಉಳಿದಿದೆ. ನಾವು ಹೊಲಕ್ಕೆ ಕಾಲುವೆಯನ್ನು ತೋಡಿದೆವು, ಬಸಿಗಾಲುವೆಯನ್ನು ಮುಂದಕ್ಕೆ ಹಾಕಿದೆವು. ತುಂಗಭದ್ರೆಯ ಬಯಲಿನ ಗಂಗಾವತಿ ಸಂಶೋಧನ ಕೇಂದ್ರದಲ್ಲಿ ನೆಲದಡಿಯ ಬಸಿಗಾಲುವೆಗಳ ಬಗ್ಗೆ ನಡೆದ ಕೆಲಸ ನಮ್ಮ ಮುಂದಿದೆ. ಶಹಾಪುರದ ಬಳಿ ಭೀಮರಾಯನಗುಡಿಯಲ್ಲಿಯೇ ಕೃಷಿ ಕಾಲೇಜು ಇದೆ. ಸೋಡಿಯಂ ಹಿಡಿದ ಮಣ್ಣಿಗೆ ಜಿಪ್ಸಂ, ಹಸಿರೆಲೆ ಗೊಬ್ಬರ, ಹಿತಮಿತವಾದ ನೀರು, ನೀರಿಗೆ ತಕ್ಕ ಬೆಳೆ, ಎಲ್ಲಕ್ಕೂ ಮೊದಲು ಬಸಿಯುವ ದಾರಿ, ಇವು ಯಾರಿಗೂ ಗೊತ್ತಿಲ್ಲದ ರಹಸ್ಯಗಳಲ್ಲ. ಆದರೆ ಬಸಿಗಾಲುವೆ ಒಬ್ಬನ ಹೊಲದಲ್ಲಿ ಮುಗಿಯುವ ಕೆಲಸವಲ್ಲ. ಮೇಲಿನವನು ಬಿಟ್ಟ ನೀರು ಕೆಳಗಿನವನ ಹೊಲವನ್ನು ಸವಳು ಮಾಡುತ್ತದೆ. ಕೆಳಗಿನವನು ಒಪ್ಪದೆ ಮೇಲಿನವನ ನೀರು ಬಸಿಯದು. ಆದುದರಿಂದ ಇದನ್ನು ಊರು ಊರೇ ಕೂಡಿ, ಸರಕಾರವನ್ನು ಜೊತೆಗೆ ತೆಗೆದುಕೊಂಡು ಮಾಡಬೇಕು. ನೀರು ಬಂದ ಮೇಲೆ ಹುಟ್ಟಿದ ಮಕ್ಕಳು ಈಗ ಹೊಲದ ಒಡೆಯರಾಗಿದ್ದಾರೆ. ಅವರ ಮಕ್ಕಳಿಗೆ ಆ ಹೊಲ ಹೊಲವಾಗಿಯೇ ದಕ್ಕಬೇಕಾದರೆ ಈ ಕೆಲಸವನ್ನು ಇನ್ನೂ ಮುಂದಕ್ಕೆ ಹಾಕುವಂತಿಲ್ಲ.

(ಬಾನುಲಿ ಭಾಷಣ)